ಕಪ್ಪಾದ ತೊಲೆ-ಜಂತೆ: ಎಣ್ಣೆ ಡಬ್ಬ ತೆರೆಯುವ ಮೊದಲು ಮಾಡಬೇಕಾದ್ದೇನು

ಎಣ್ಣೆ ಹಚ್ಚಿಸಿದ ಮೇಲೆ ತೊಲೆ ಮೊದಲಿಗಿಂತ ಕಪ್ಪಾಯಿತು. ಆರು ತಿಂಗಳಾದರೂ ಕೈಗೆ ಅಂಟುತ್ತದೆ. ತೊಳೆದ ಕಡೆಯೆಲ್ಲ ಮಚ್ಚೆ ಎದ್ದಿದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಳೆ ಮನೆ ದುರಸ್ತಿಗೆ ಕೈ ಹಾಕಿದವರು ಮತ್ತೆ ಮತ್ತೆ ಹೇಳುವ ದೂರುಗಳು ಇವು. ಬಹಳಷ್ಟು ಕಡೆ ತಂದ ಸಾಮಾನು ಸರಿಯಾಗೇ ಇರುತ್ತದೆ, ಕ್ರಮ ತಪ್ಪಿರುತ್ತದೆ. ಮೊದಲು ಸೋರಿಕೆ ನಿಲ್ಲಿಸಬೇಕು, ಆಮೇಲೆ ಒಣ ಶುಚಿ, ಒದ್ದೆ ಶುಚಿ, ಕಲೆ ತೆಗೆಯುವುದು, ಒಣಗಿಸುವುದು, ಹುಳದ ಮದ್ದು, ಎಲ್ಲ ಮುಗಿದ ಮೇಲೆ ಎಣ್ಣೆ. ಮಸಿಯ ಮೇಲೆ ಎಣ್ಣೆ ಬಿದ್ದರೆ ಆ ಮಸಿ ಮರದೊಳಗೇ ಕೂತುಬಿಡುತ್ತದೆ. ಎಣ್ಣೆಯ ಮೇಲೆ ಹುಳದ ಮದ್ದು ಹೊಡೆದರೆ ಅದು ಒಳಗೆ ಇಳಿಯುವುದೇ ಇಲ್ಲ.

ಈ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳು ಸರಿ. ನಮ್ಮ ಈ ಜಿಲ್ಲೆಗಳಲ್ಲಿ ಜೋರು ಮಳೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬೀಳುತ್ತದೆ. ಆಗ ನೀರು ಕುಡಿದ ಮರ ಸಂಕ್ರಾಂತಿಯ ಹೊತ್ತಿಗೆ ಸಾಕಷ್ಟು ಆರಿರುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾಗುವ ಮೊದಲು ಮುಗಿಸಿಬಿಡಿ. ಒಂದು ಸಾಧಾರಣ ಕೋಣೆಗೆ, ಒಣಗಲು ಬಿಡುವ ದಿನಗಳೂ ಸೇರಿ, ಮೂರು-ನಾಲ್ಕು ವಾರ ಎಂದುಕೊಳ್ಳಿ.

## ಬೇಕಾಗುವ ಸಾಮಾನು

ಗಟ್ಟಿ ಏಣಿ ಅಥವಾ ಸಾರುವೆ, ಉದ್ದ ಕೋಲಿನ ಮೆತ್ತನೆ ಪರಕೆ, ನೈಲಾನ್ ಬ್ರಷ್, ಹಳೆ ಹಲ್ಲುಜ್ಜುವ ಬ್ರಷ್, ಪುಟ್ಟಿ ಬ್ಲೇಡ್, ದಬ್ಬಳ, ಬ್ಯಾಟರಿ ದೀಪ, ಪ್ಲಾಸ್ಟಿಕ್ ಬಕೆಟ್ ಎರಡು, ಹಳೆ ಹತ್ತಿ ಬಟ್ಟೆ ಬೇಕಾದಷ್ಟು, 120 ಮತ್ತು 180 ನಂಬರಿನ ಉಪ್ಪುಕಾಗದ. ಕಣ್ಣಿಗೆ ಮುಚ್ಚಿದ ಕನ್ನಡಕ, ಮೂಗಿಗೆ ಎನ್-95 ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಇಲ್ಲದೆ ಏಣಿ ಹತ್ತಬೇಡಿ. ತಲೆ ಎತ್ತಿ ಮಾಡುವ ಕೆಲಸ ಇದು, ಉದುರುವುದೆಲ್ಲ ಮುಖದ ಮೇಲೇ ಬೀಳುತ್ತದೆ.

ಕಬ್ಬಿಣದ ತಂತಿ ಬ್ರಷ್, ಸ್ಟೀಲ್ ನಾರು ಎರಡನ್ನೂ ಈ ಕೆಲಸಕ್ಕೆ ತರಬೇಡಿ. ಅದರ ಚೂರು ಮರದ ಎಳೆಯಲ್ಲಿ ಸಿಕ್ಕಿಕೊಂಡು, ನೀರು ತಾಗಿದ ಕೂಡಲೇ ಮರದ ಒಗರಿನ ಅಂಶದ (ಟ್ಯಾನಿನ್) ಜೊತೆ ಸೇರಿ ನೀಲಿಗಪ್ಪು ಚುಕ್ಕೆಗಳಾಗುತ್ತವೆ. ತೇಗ, ಮತ್ತಿ, ಜಾಲಿಯಂಥ ಮರಗಳಲ್ಲಿ ಇದು ಎದ್ದು ಕಾಣುತ್ತದೆ.

## ಹಂತ 1: ಮರ ಗಟ್ಟಿ ಇದೆಯೇ ನೋಡಿ

ಬಣ್ಣದ ಚಿಂತೆ ಆಮೇಲೆ. ಮೊದಲು ದಬ್ಬಳ ಹಿಡಿದು ತೊಲೆಯ ಉದ್ದಕ್ಕೂ ಅರ್ಧ ಅಡಿಗೊಂದು ಕಡೆ ಚುಚ್ಚಿ ನೋಡಿ. ಗೋಡೆಯೊಳಗೆ ಹೂತಿರುವ ತುದಿ, ಬೋದಿಗೆಯ (ಕಂಬದ ತಲೆಯ ಮೇಲಿನ ಮರದ ತುಂಡು) ಮೇಲೆ ಕೂತ ಭಾಗ, ಸೋರಿದ ಗುರುತಿರುವ ಜಾಗ ಈ ಮೂರರಲ್ಲಿ ಹೆಚ್ಚು ಗಮನ ಇರಲಿ. ಗಟ್ಟಿ ಮರದಲ್ಲಿ ದಬ್ಬಳದ ಮೊನೆ ಎರಡು-ಮೂರು ಮಿಲಿಮೀಟರ್ ಇಳಿದು ನಿಲ್ಲುತ್ತದೆ. ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ, ಅಥವಾ ಮರ ಅಡ್ಡಡ್ಡ ಬಿರುಕು ಬಿಟ್ಟು ಚೌಕ ಚೌಕವಾಗಿ ಪುಡಿಯಾಗುತ್ತಿದ್ದರೆ ಅದು ಕೊಳೆತ ಮರ. ಅಲ್ಲಿಗೆ ಶುಚಿ ಮಾಡುವ ಕೆಲಸ ನಿಲ್ಲಿಸಿ, ತೊಲೆಗೆ ಕೆಳಗಿಂದ ಆಸರೆ ಕೊಡಿಸಿ, ಅನುಭವಿ ಬಡಗಿಯನ್ನೋ ಎಂಜಿನಿಯರನ್ನೋ ಕರೆಸಿ.

ತಿಪಟೂರು, ಚಿಕ್ಕನಾಯಕನಹಳ್ಳಿಯ ಕಡೆ ತೆಂಗಿನ ಮರದ ತೊಲೆಗಳಿರುವ ಮನೆಗಳಲ್ಲಿ ಒಂದು ಎಚ್ಚರಿಕೆ ಬೇಕು. ತೆಂಗಿನ ಮರಕ್ಕೆ ಹೊರಭಾಗ ಕಬ್ಬಿಣದಂತೆ, ತಿರುಳು ಹುಟ್ಟಿನಿಂದಲೇ ಮೆತ್ತಗೆ. ತಿರುಳಿನ ಮುಖಕ್ಕೆ ದಬ್ಬಳ ಇಳಿಯಿತೆಂದು ಗಾಬರಿಯಾಗಬೇಡಿ. ಅದೇ ಮುಖದಲ್ಲಿ ನಡುಭಾಗಕ್ಕೂ ಗೋಡೆಯ ತುದಿಗೂ ಹೋಲಿಸಿ. ತುದಿ ಹೆಚ್ಚು ಮೆತ್ತಗಿದ್ದರೆ ಮಾತ್ರ ಅದು ಕೊಳೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ನೀಲಗಿರಿ ಜಂತೆಗಳಲ್ಲಿ ಉದ್ದುದ್ದ ಸೀಳು ಸಾಮಾನ್ಯ. ಎಳೆಯ ಉದ್ದಕ್ಕೇ ಇರುವ ಸೀಳು ಒಣಗುವಾಗ ಬಿಟ್ಟದ್ದು, ಅದರಿಂದ ಅಷ್ಟು ಭಯವಿಲ್ಲ. ಎಳೆ ಕತ್ತರಿಸಿಕೊಂಡು ಅಡ್ಡ ಹೋಗುವ ಬಿರುಕು ಮಾತ್ರ ಅಪಾಯದ್ದು.

ತೊಲೆಯ ಎರಡು ತುದಿಗೆ ದಾರ ಎಳೆದು ಕಟ್ಟಿ ನಡುವಿನ ಬಾಗು ಅಳೆಯಿರಿ. ಹಳೆ ತೊಲೆ ತುಸು ಬಾಗಿರುವುದು ಸಹಜ. ಹತ್ತು ಅಡಿಗೆ ಒಂದು ಇಂಚು ಮೀರಿದ್ದರೆ ಎಂಜಿನಿಯರ್ ನೋಡದೆ ಮುಂದುವರಿಯಬೇಡಿ.

ಇನ್ನು ಹುಳ. ಗೋಡೆಯಿಂದ ತೊಲೆಗೆ ಹತ್ತಿದ ಮಣ್ಣಿನ ಕೊಳವೆ ಇದ್ದರೆ ಗೆದ್ದಲು. ಸಾಸಿವೆ ಕಾಳಿನಷ್ಟೋ ಅದಕ್ಕಿಂತ ಸಣ್ಣದೋ ಆದ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳ. ತೂತು ಕಂಡ ಮಾತ್ರಕ್ಕೆ ಹುಳ ಒಳಗಿದೆ ಎಂದಲ್ಲ, ಎಷ್ಟೋ ವರ್ಷಗಳ ಹಿಂದೆ ಹಾರಿಹೋಗಿರಬಹುದು. ಪುಡಿಯನ್ನೆಲ್ಲ ಗುಡಿಸಿ, ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಪುಡಿ ಬಿದ್ದರೆ ಹುಳ ಜೀವಂತ ಇದೆ. ಗೆದ್ದಲು ಓಡಾಡುತ್ತಿದ್ದರೆ ಮರಕ್ಕೆ ಬಳಿದರೆ ಸಾಲದು. ಅದು ನೆಲದಿಂದ ಬರುತ್ತದೆ, ಹಾಗಾಗಿ ಗೋಡೆಯ ಬುಡದ ಮಣ್ಣಿಗೇ ಮದ್ದು ಹೋಗಬೇಕು. ಕಟ್ಟಿ ಮುಗಿದ ಮನೆಗಳ ಈ ಚಿಕಿತ್ಸೆಗೆ ಐಎಸ್ 6313ರ 3ನೇ ಭಾಗ ಎಂಬ ಭಾರತೀಯ ಮಾನಕ ಇದೆ. ಕೀಟ ನಿಯಂತ್ರಣದವರನ್ನು ಕರೆದಾಗ ಅದರಂತೆ ಮಾಡುತ್ತೀರಾ ಎಂದು ಕೇಳಿ.

## ಹಂತ 2: ಕಪ್ಪು ಯಾವುದರದ್ದು?

ಹೆಚ್ಚಿನವರು ಹಾರಿಬಿಡುವ ಹಂತ ಇದೇ, ಕೆಲಸ ಕೆಡುವುದೂ ಇಲ್ಲಿಂದಲೇ. ಮಸಿಗೆ ಬೇಕಾದ ಮದ್ದು ಬೇರೆ, ಕಬ್ಬಿಣದ ಕಲೆಯದ್ದು ಬೇರೆ, ಬೂಷ್ಟಿನದ್ದು ಬೇರೆ. ಕಣ್ಣಿಗೆ ಮೂರೂ ಕಪ್ಪೇ. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈ ಅಗಲದ ಜಾಗ ಆರಿಸಿ ಈ ಪರೀಕ್ಷೆಗಳನ್ನು ಮಾಡಿ.

ಒಣ ಬಿಳಿ ಬಟ್ಟೆಯಲ್ಲಿ ಒರೆಸಿ. ಕಪ್ಪು ಪುಡಿಯಾಗಿ ಬಂದರೆ ಸೌದೆ ಒಲೆಯ ಮಸಿ. ಒಣ ಬಟ್ಟೆಗೆ ಬಾರದೆ, ಟರ್ಪೆಂಟೈನ್ ಹಾಕಿದ ಬಟ್ಟೆಗೆ ಕಂದು ಜಿಡ್ಡಾಗಿ ಬಂದರೆ ಹೊಗೆಯ ಜಿಡ್ಡು ಅಥವಾ ಹಿಂದೆ ಯಾರೋ ಹಚ್ಚಿದ ಎಣ್ಣೆ. ಸ್ಪಿರಿಟ್ ಹಾಕಿದ ಬಟ್ಟೆಗೆ ಕರಗಿ ಅಂಟಿದರೆ ಹಳೆ ಫ್ರೆಂಚ್ ಪಾಲಿಶ್, ಅಂದರೆ ಅರಗು.

ಮೊಳೆ, ಕೊಂಡಿ, ತೊಟ್ಟಿಲಿನ ಬಳೆಯ ಸುತ್ತ ನೀಲಿಗಪ್ಪು ಹರಡಿದ್ದರೆ ಅದು ಕಬ್ಬಿಣದ ಕಲೆ.

ಚುಕ್ಕೆ ಚುಕ್ಕೆಯಾಗಿ, ತುಸು ಹಸಿರುಗಪ್ಪಾಗಿ, ಮುಗ್ಗಲು ವಾಸನೆಯಿದ್ದರೆ ಬೂಷ್ಟು ಎಂದು ಅನುಮಾನಿಸಿ. ಮನೆಯಲ್ಲಿ ಬಟ್ಟೆಗೆ ಬಳಸುವ ಬ್ಲೀಚ್ ಒಂದು ಹನಿ ಇಟ್ಟು ಎರಡು ನಿಮಿಷ ನೋಡಿ. ಬಣ್ಣ ತಿಳಿಯಾದರೆ ಬೂಷ್ಟು, ಹಾಗೇ ಇದ್ದರೆ ಮಸಿ. ಈ ಹನಿ ಪರೀಕ್ಷೆಗೆ ಮಾತ್ರ. ಆ ಜಾಗವನ್ನು ನೀರಲ್ಲಿ ಒರೆಸಿ, ಅಲ್ಲಿಗೆ ಮುಂದೆ ಹೇಳುವ ಆಕ್ಸಾಲಿಕ್ ಆಮ್ಲ ತಾಗದಂತೆ ನೋಡಿಕೊಳ್ಳಿ. ಎರಡೂ ಸೇರಿದರೆ ಉಸಿರಿಗೆ ಅಪಾಯದ ಗಾಳಿ ಏಳುತ್ತದೆ.

ಬಿಳಿ ಪುಡಿಯಿದ್ದರೆ ಅದಕ್ಕೆ ಒಂದು ಹನಿ ವಿನೆಗರ್ ಬಿಡಿ. ನೊರೆ ಎದ್ದರೆ ಮಾಳಿಗೆಯ ಗಾರೆಯಿಂದ ಇಳಿದ ಸುಣ್ಣ. ಅಂದರೆ ಮೇಲಿಂದ ನೀರು ಇಳಿಯುತ್ತಿದೆ ಎಂದೇ ಅರ್ಥ.

## ಹಂತ 3: ನೀರಿನ ದಾರಿ ಮುಚ್ಚಿ

ಸೋರುವ ಮಾಳಿಗೆಯ ಕೆಳಗೆ ತೊಲೆ ತಿಕ್ಕಿ ಪ್ರಯೋಜನವಿಲ್ಲ. ಹೆಂಚಿನ ಮನೆಯಾದರೆ ಒಡೆದ ಹೆಂಚು ಬದಲಿಸಿ, ಸೂರಂಚಿನ ಕಸ ತೆಗೆಯಿರಿ. ಮದ್ರಾಸ್ ತಾರಸಿ, ಅಂದರೆ ಜಂತೆಯ ಮೇಲೆ ಇಟ್ಟಿಗೆ-ಗಾರೆ ಹಾಕಿದ ಮಾಳಿಗೆಯಾದರೆ ನೀರು ಹೋಗುವ ತೂಬು ಕಟ್ಟಿಕೊಂಡಿದೆಯೇ, ತಾರಸಿಗೂ ಕೈಪಿಡಿ ಗೋಡೆಗೂ ನಡುವೆ ಬಿರುಕಿದೆಯೇ ನೋಡಿ. ಪಾವಗಡ, ಬಾಗೇಪಲ್ಲಿ, ಗೌರಿಬಿದನೂರಿನ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಇಳಿಜಾರು ತಪ್ಪಿ ನೀರು ನಿಲ್ಲುವ ತಗ್ಗನ್ನು ಮೊದಲು ಸರಿಪಡಿಸಿ. ಸೋರಿಕೆ ನಿಲ್ಲಿಸಲೆಂದು ಅದರ ಮೇಲೆ ದಪ್ಪ ಸಿಮೆಂಟ್ ಹಾಕಿಸುವುದು ಬೇಡ. ಕೆಳಗಿನ ಜಂತೆಗೆ ಅದು ಹೊಸ ಭಾರ. ಬಿರುಕು ಬಿಟ್ಟ ಸಿಮೆಂಟಿನಡಿ ಇಳಿದ ನೀರು ಆರುವುದಕ್ಕೂ ದಾರಿಯಿರುವುದಿಲ್ಲ.

## ಹಂತ 4: ಒಣ ಶುಚಿ

ಮೇನ್ ಸ್ವಿಚ್ ಆರಿಸಿ. ಹಳೆ ಮನೆಗಳಲ್ಲಿ ತೊಲೆಯ ಮೇಲೇ ಮರದ ಪಟ್ಟಿಯೊಳಗೆ ವೈರು ಓಡಿರುತ್ತದೆ, ಅದರ ಹೊದಿಕೆ ಮುಟ್ಟಿದರೆ ಉದುರುವಂತಿರುತ್ತದೆ. ಜೇನು, ಕಣಜದ ಗೂಡು ಇದೆಯೇ ಬ್ಯಾಟರಿ ಬಿಟ್ಟು ನೋಡಿ. ನೆಲಕ್ಕೂ ಸಾಮಾನಿಗೂ ಪ್ಲಾಸ್ಟಿಕ್ ಹೊದಿಸಿ.

ಮೊದಲು ಜೇಡರ ಬಲೆ, ಇಲ್ಲಣ, ಸಡಿಲ ಮಸಿ ಪರಕೆಯಲ್ಲಿ ಇಳಿಸಿ. ಬೇರೆ ಕಡೆಯಿಂದ ಕರೆಂಟ್ ಎಳೆಯಲು ಸಾಧ್ಯವಿದ್ದರೆ ಬ್ರಷ್ ಮೂತಿಯ ವ್ಯಾಕ್ಯೂಮ್ ಕ್ಲೀನರ್ ಬಳಸಿ, ಮಸಿ ಗೋಡೆಗೆ ಹಾರುವುದು ತಪ್ಪುತ್ತದೆ. ಮೇಲಿನ ಜಂತೆ ಮೊದಲು, ಆಮೇಲೆ ತೊಲೆ, ಆಮೇಲೆ ಬೋದಿಗೆ, ಕೊನೆಗೆ ಕಂಬ. ನಂತರ ಒಣ ನೈಲಾನ್ ಬ್ರಷ್‌ನಲ್ಲಿ ಎಳೆಯ ಉದ್ದಕ್ಕೆ ತಿಕ್ಕಿ. ಅಡ್ಡಕ್ಕೆ ತಿಕ್ಕಿದರೆ ಗೀರು ಬೀಳುತ್ತದೆ, ಎಣ್ಣೆ ಹಚ್ಚಿದ ದಿನ ಆ ಗೀರೆಲ್ಲ ಎದ್ದು ಕಾಣುತ್ತವೆ. ಒಣ ಬಿಳಿ ಬಟ್ಟೆ ಒರೆಸಿದಾಗ ಮಸಿ ತೀರಾ ಕಡಿಮೆ ಬರುವವರೆಗೆ ಇದನ್ನೇ ಮಾಡಿ. ಇಲ್ಲಿ ಒಂದು ದಿನ ಹೆಚ್ಚು ಕಳೆದರೆ ನಷ್ಟವಿಲ್ಲ. ಮಸಿ ಉಳಿದಿರುವಾಗ ನೀರು ತಾಗಿಸಿದರೆ ಅದು ಶಾಯಿಯಾಗಿ ಎಳೆಯೊಳಗೆ ಇಳಿಯುತ್ತದೆ, ಆಮೇಲೆ ಅದನ್ನು ತೆಗೆಯಲು ಮರವನ್ನೇ ಹೆರೆಯಬೇಕಾಗುತ್ತದೆ.

## ಹಂತ 5: ಒದ್ದೆ ಶುಚಿ

ಅಡುಗೆಮನೆಯ ತೊಲೆಗಳ ಹೊಗೆ ಜಿಡ್ಡಿಗೆ ಸೋಪು ಸಾಲದು. ಮಿನರಲ್ ಟರ್ಪೆಂಟೈನ್‌ನಲ್ಲಿ ತೇವ ಮಾಡಿದ ಬಟ್ಟೆಯಿಂದ ಒಂದೊಂದು ಅಡಿ ಒರೆಸುತ್ತ ಹೋಗಿ, ಬಟ್ಟೆ ಕಪ್ಪಾದಂತೆ ಬದಲಿಸಿ. ಕಿಟಕಿ ಬಾಗಿಲು ತೆರೆದಿರಲಿ. ಒಲೆ, ಗ್ಯಾಸ್, ದೇವರ ದೀಪ ಯಾವುದೂ ಉರಿಯುತ್ತಿರಬಾರದು. ಒಂದು ದಿನ ಬಿಟ್ಟು ಸೋಪಿನ ಕೆಲಸಕ್ಕೆ ಬನ್ನಿ.

5 ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 30 ಮಿಲಿ, ಅಂದರೆ ಎರಡು ದೊಡ್ಡ ಚಮಚ ಸಾಕು. ಇನ್ನೊಂದು ಬಕೆಟಿನಲ್ಲಿ ಬರೀ ನೀರು. ಬಟ್ಟೆಯನ್ನು ಅದ್ದಿ ಗಟ್ಟಿಯಾಗಿ ಹಿಂಡಿ, ಹನಿ ಬೀಳಬಾರದು. ಎರಡೆರಡು ಅಡಿ ಒರೆಸಿ, ಕೂಡಲೇ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ತೊಲೆಯ ಬದಿಗಳನ್ನು ಕೆಳಗಿನಿಂದ ಮೇಲಕ್ಕೆ ತೊಳೆಯಿರಿ. ಕೊಳೆ ನೀರು ಒಣ ಮರದ ಮೇಲೆ ಹರಿದರೆ ಬೀಳುವ ಗೆರೆ ಸುಲಭಕ್ಕೆ ಹೋಗುವುದಿಲ್ಲ.

ವಾಷಿಂಗ್ ಸೋಡಾ ಹಾಕಿದರೆ ಬೇಗ ಬಿಡುತ್ತದೆ ಎಂದು ಹೇಳುವವರಿದ್ದಾರೆ. ಬಿಡುವುದು ನಿಜ, ಆದರೆ ಆ ಕ್ಷಾರಕ್ಕೆ ಒಗರಿನ ಮರಗಳು ಕಪ್ಪಾಗುತ್ತವೆ. ಕಾಸ್ಟಿಕ್ ಸೋಡಾ ಇನ್ನೂ ಕೆಟ್ಟದ್ದು, ಎಳೆಯನ್ನೇ ತಿಂದು ಮರದ ಮೈ ನಾರು ನಾರಾಗಿಸುತ್ತದೆ. ಕಾರು ತೊಳೆಯುವ ಒತ್ತಡದ ಪೈಪನ್ನು ಮನೆಯೊಳಗೆ ತರಲೇಬೇಡಿ. ನೀರು ಸೀಳುಗಳಿಗೂ ಗೋಡೆಯೊಳಗಿನ ತುದಿಗೂ ನುಗ್ಗುತ್ತದೆ.

ಕೆತ್ತನೆಯ ಬೋದಿಗೆಗೆ ಹಲ್ಲುಜ್ಜುವ ಬ್ರಷ್, ಬಿದಿರು ಕಡ್ಡಿ ಸಾಕು. ಉಪ್ಪುಕಾಗದ ತಾಗಿಸಬೇಡಿ, ಉಳಿಯ ಗುರುತು ಒಮ್ಮೆ ಸವೆದರೆ ಹೋಯಿತು.

## ಹಂತ 6: ಉಳಿದ ಕಲೆಗಳು

ಕಬ್ಬಿಣದ ಕಲೆ, ನೀರಿನ ಕಪ್ಪು ಕಲೆ. ಇದಕ್ಕೆ ಆಕ್ಸಾಲಿಕ್ ಆಮ್ಲ. ಬಣ್ಣದಂಗಡಿ ಅಥವಾ ರಾಸಾಯನಿಕ ಮಾರುವ ಅಂಗಡಿಯಲ್ಲಿ ಬಿಳಿ ಹರಳಾಗಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟಿನಲ್ಲಿ 1 ಲೀಟರ್ ಬಿಸಿನೀರಿಗೆ 60 ಗ್ರಾಂ ಕರಗಿಸಿ. ಲೋಹದ ಪಾತ್ರೆ ಬೇಡ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲೊಂದು ಬಿಳಿ ತೇಪೆ ಉಳಿಯುತ್ತದೆ, ಆದ್ದರಿಂದ ತೊಲೆಯ ಆ ಮುಖಕ್ಕೆ ಪೂರ್ತಿ ಹಚ್ಚಿ, ಕಲೆಯ ಮೇಲೆ ಎರಡನೇ ಸಲ ಹಚ್ಚಿ. 15–20 ನಿಮಿಷದಲ್ಲಿ ಕಪ್ಪು ಕರಗುವುದು ಕಾಣುತ್ತದೆ. ಒಣಗಿ ಹರಳುಗಟ್ಟುವ ಮೊದಲೇ ಮೂರು ಸಲ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಹಾಗೇ ಬಿಟ್ಟು ಉಪ್ಪುಕಾಗದ ಹಿಡಿದರೆ ಆ ದೂಳು ಮೂಗು-ಗಂಟಲು ಸುಡುತ್ತದೆ. ಇದು ವಿಷ, ಮಕ್ಕಳ ಕೈಗೆ ಸಿಗದ ಕಡೆ ಹೆಸರು ಬರೆದಿಡಿ. ಗೋಡೆಯ ಸುಣ್ಣದ ಗಾರೆಗೆ ಹರಿಯದಂತೆ ಅಂಚಿಗೆ ಟೇಪ್ ಹಚ್ಚಿ. ಕಲೆ ಹೋದ ಮೇಲೂ ಹಳೆ ಮೊಳೆ ಅಲ್ಲೇ ಇದ್ದರೆ ಮತ್ತೆ ಬರುತ್ತದೆ. ಬೇಡದ ಮೊಳೆ ಕೀಳಿ, ಬೇಕಾದದ್ದರ ತಲೆಗೆ ಅರಗಿನ ಲೇಪ ಕೊಡಿ.

ಬೂಷ್ಟು. 1 ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ (ಬೋರಾಕ್ಸ್). ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಬ್ರಷ್‌ನಲ್ಲಿ ತಿಕ್ಕಿ, ಒರೆಸಿ. ಬ್ಲೀಚ್ ಮರದ ಮೇಲಿನ ಬಣ್ಣ ಮಾತ್ರ ತೆಗೆಯುತ್ತದೆ, ಎಳೆಯೊಳಗಿನ ಬೇರಿಗೆ ತಲುಪುವುದಿಲ್ಲ, ಜೊತೆಗೆ ನೀರು ಒಳಗಿಳಿಸುತ್ತದೆ.

ಸುಣ್ಣದ ಇಳಿತ. ಪುಟ್ಟಿ ಬ್ಲೇಡಿನಲ್ಲಿ ಒಣಗೇ ಕೆರೆದು, ಉಳಿದದ್ದನ್ನು ವಿನೆಗರ್ ಬಟ್ಟೆಯಲ್ಲಿ ಒರೆಸಿ, ನೀರಲ್ಲಿ ಒರೆಸಿ.

ಹಳೆ ಎನಾಮಲ್ ಬಣ್ಣ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಪದರಗಳಲ್ಲಿ ಸೀಸ ಇದೆ ಎಂದೇ ತಿಳಿದು ನಡೆಯಿರಿ. ಒಣ ಉಪ್ಪುಕಾಗದ, ಗ್ರೈಂಡರ್, ಬ್ಲೋ ಲ್ಯಾಂಪ್ ಯಾವುದೂ ಬೇಡ. ಪೇಂಟ್ ರಿಮೂವರ್ ಹಚ್ಚಿ, ಒದ್ದೆಯಿರುವಾಗಲೇ ಕೆರೆದು, ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ. ಮನೆಯಲ್ಲಿ ಸಣ್ಣ ಮಕ್ಕಳು, ಗರ್ಭಿಣಿಯರಿದ್ದರೆ ಆ ದಿನಗಳಲ್ಲಿ ಬೇರೆ ಕಡೆ ಇರಲಿ.

## ಹಂತ 7: ಒಣಗಿಸಿ, ನಯ ಮಾಡಿ

ಫ್ಯಾನ್, ತೆರೆದ ಕಿಟಕಿ, ಕನಿಷ್ಠ ಒಂದು ವಾರ. ತೇವಾಂಶ ಮಾಪಕ ಇದ್ದರೆ 15 ಶೇಕಡಕ್ಕಿಂತ ಕೆಳಗಿರಲಿ. ಇಲ್ಲದಿದ್ದರೆ ಒಂದು ಅಡಿ ಉದ್ದದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ಮರಕ್ಕೆ ಅಂಟಿಸಿ, ಮಾರನೆಯ ದಿನ ತೆಗೆದು ನೋಡಿ. ಒಳಮೈಯಲ್ಲಿ ಮಂಜು ಕಟ್ಟಿದ್ದರೆ ಇನ್ನೂ ಕಾಯಿರಿ. ನೀರು ತಾಗಿ ಎದ್ದ ನಾರನ್ನು 120ರಲ್ಲಿ ಮೆಲ್ಲಗೆ, ನಂತರ 180ರಲ್ಲಿ, ಎಳೆಯ ಉದ್ದಕ್ಕೆ ತಿಕ್ಕಿ. ಹಳೆ ಬಣ್ಣವಿದ್ದ ತೊಲೆಗೆ ಇಲ್ಲೂ ಒಣ ಉಪ್ಪುಕಾಗದ ಬೇಡ. ಹೊಸ ಮರದಂತೆ ಕಾಣುವವರೆಗೆ ಉಜ್ಜುವ ಹಟವೂ ಬೇಡ. ಹಳೆ ಮರದ ಕಂದು ಬಣ್ಣ ಕೊಳೆಯಲ್ಲ, ಅದು ಉಳಿಯಬೇಕು.

## ಹಂತ 8: ಹುಳದ ಮದ್ದು

1 ಲೀಟರ್ ಬಿಸಿನೀರಿಗೆ ಬಿಳಿಗಾರ 30 ಗ್ರಾಂ, ಬೋರಿಕ್ ಪೌಡರ್ 20 ಗ್ರಾಂ. ಎರಡೂ ಸೇರಿದಾಗ ಹೆಚ್ಚು ಕರಗುತ್ತವೆ, ಬಿಳಿಗಾರದ ಕ್ಷಾರವೂ ತಗ್ಗುತ್ತದೆ. ಬ್ರಷ್‌ನಲ್ಲಿ ಮೂರು ಕೋಟ್, ಒಂದು ಆರುವ ಮೊದಲೇ ಇನ್ನೊಂದು. ಸೀಳು, ತೂತು, ಗೋಡೆಯ ತುದಿಗೆ ಧಾರಾಳವಾಗಿ ಕುಡಿಸಿ, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಐದಾರು ದಿನ ಒಣಗಿಸಿ, ಮೇಲೆ ಬಿಳಿ ಹರಳು ಎದ್ದರೆ ತೇವದ ಬಟ್ಟೆಯಲ್ಲಿ ಒರೆಸಿ.

ಈ ಮದ್ದಿನಲ್ಲಿರುವ ಬೋರಾನ್ ನೀರಲ್ಲಿ ತೊಳೆದುಹೋಗುತ್ತದೆ, ಹಾಗಾಗಿ ಇದು ಮನೆಯೊಳಗಿನ ಮರಕ್ಕೆ. ಎರಚಲು ಬೀಳುವ ಜಗಲಿಯ ತೊಲೆಗೆ, ತೊಟ್ಟಿಯ ಸೂರಿಗೆ ಮೇಲಿನ ಎಣ್ಣೆಯ ಕಾವಲು ಗಟ್ಟಿಯಿದ್ದರಷ್ಟೇ ನಿಲ್ಲುತ್ತದೆ. ಬ್ರಷ್‌ನಲ್ಲಿ ಹಚ್ಚಿದ್ದು ಮೇಲ್ಪದರಕ್ಕೆ ಮಾತ್ರ ಇಳಿಯುವುದರಿಂದ ಆಳದಲ್ಲಿರುವ ಜೀವಂತ ಹುಳಕ್ಕೆ ಇದೊಂದೇ ಸಾಕೆಂದು ನಂಬಬೇಡಿ.

## ಹಂತ 9: ಎಣ್ಣೆ

ಅಗಸೆ ಎಣ್ಣೆ, ಅದರಲ್ಲೂ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಎಂದು ಬಣ್ಣದಂಗಡಿಯಲ್ಲಿ ಮಾರುವುದು. ಗಾಳಿ ತಾಗಿದಾಗ ಅದು ಗಟ್ಟಿಯಾಗುತ್ತದೆ. ಹೊಂಗೆ, ಬೇವು, ಹರಳು, ಕೊಬ್ಬರಿ ಎಣ್ಣೆಗಳು ಗಟ್ಟಿಯಾಗುವುದಿಲ್ಲ. ವರ್ಷಗಟ್ಟಲೆ ಅಂಟಂಟಾಗಿ ದೂಳು ಹಿಡಿದುಕೊಳ್ಳುತ್ತವೆ. ಆರು ತಿಂಗಳಾದರೂ ಅಂಟುವ ತೊಲೆಗೆ ಕಾರಣ ಹೆಚ್ಚಿನ ಸಲ ಇದೇ, ಇಲ್ಲವೇ ಅಗಸೆ ಎಣ್ಣೆಯನ್ನೇ ದಪ್ಪ ಹಚ್ಚಿ ಒರೆಸದೆ ಬಿಟ್ಟದ್ದು. ಗ್ಯಾರೇಜಿನ ವೇಸ್ಟ್ ಆಯಿಲ್ ಗೆದ್ದಲಿಗೆ ಒಳ್ಳೆಯದೆಂದು ಹಚ್ಚುವ ರೂಢಿ ಬಿಡಲೇಬೇಕು. ಮರ ಇದ್ದಿಲಿನಂತಾಗುತ್ತದೆ, ವಾಸನೆ ಹೋಗುವುದಿಲ್ಲ, ಅದರೊಳಗಿನ ವಿಷ ಮನೆಮಂದಿಗೆ, ಮೇಲೆ ಇನ್ನೊಂದು ಲೇಪವೂ ಹಿಡಿಯುವುದಿಲ್ಲ.

ಮೊದಲ ಕೋಟ್‌ಗೆ ಎಣ್ಣೆ, ಟರ್ಪೆಂಟೈನ್ ಸಮಸಮ. ಹಚ್ಚಿ 20–30 ನಿಮಿಷ ಬಿಟ್ಟು, ಮರ ಕುಡಿಯದೆ ಮೇಲೆ ಉಳಿದದ್ದನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಈ ಒರೆಸುವುದೇ ಕೆಲಸದ ಜೀವ. ಮೂರು ದಿನದ ನಂತರ, ಬೆರಳಿಗೆ ಅಂಟದಿದ್ದರೆ, ಎರಡು ಭಾಗ ಎಣ್ಣೆಗೆ ಒಂದು ಭಾಗ ಟರ್ಪೆಂಟೈನ್ ಸೇರಿಸಿ ಎರಡನೆಯದು. ಚಳಿಯ ಬೆಳಗಿನಲ್ಲಿ ನಿಧಾನ, ಹತ್ತು ಗಂಟೆಯ ನಂತರ ಹಚ್ಚಿ. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಸಿಮೆಂಟ್, ಪುಟ್ಟಿ ತುಂಬಬೇಡಿ, ಅಲ್ಲಿ ಮರಕ್ಕೆ ಗಾಳಿ ಬೇಕು.

ಲೆಕ್ಕ ಹೀಗೆ: 6×8 ಇಂಚಿನ 12 ಅಡಿ ತೊಲೆಗೆ ಕಾಣುವ ಮೂರು ಮುಖ ಸೇರಿ 22 ಚದರಡಿ. 3×4 ಇಂಚಿನ 10 ಅಡಿ ಜಂತೆಗೆ ಸುಮಾರು 9 ಚದರಡಿ. ಎರಡು ತೊಲೆ, ಹನ್ನೆರಡು ಜಂತೆಯ ಕೋಣೆಗೆ 155 ಚದರಡಿ ಹತ್ತಿರ. ಒಣಗಿದ ಹಳೆ ಮರ ಲೀಟರಿಗೆ 80–100 ಚದರಡಿಯಂತೆ ಕುಡಿಯುತ್ತದೆ. ಅಗಸೆ ಎಣ್ಣೆ 2 ಲೀಟರ್, ಟರ್ಪೆಂಟೈನ್ ಒಂದೂವರೆ ಲೀಟರ್ ತಂದರೆ ಎರಡು ಕೋಟ್‌ಗೆ ಸಾಕು. ಜಿಡ್ಡು ಒರೆಸಲು ಬೇಕಾದ ಟರ್ಪೆಂಟೈನ್ ಬೇರೆ. ಹುಳದ ಮದ್ದಿಗೆ 6 ಲೀಟರ್ ನೀರು, ಬಿಳಿಗಾರ 180 ಗ್ರಾಂ, ಬೋರಿಕ್ 120 ಗ್ರಾಂ.

ಎಣ್ಣೆ ಬಟ್ಟೆಯ ಬೆಂಕಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಹೋಗದೆ ಕೂಡಿಕೊಂಡು, ಕೆಲವು ಗಂಟೆಗಳಲ್ಲಿ, ಯಾರೂ ಕಡ್ಡಿ ಗೀರದೆ, ತಾನಾಗಿ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಪ್ರತಿ ಬಟ್ಟೆಯನ್ನೂ ನೀರಿನ ಬಕೆಟಿನಲ್ಲಿ ಮುಳುಗಿಸಿ, ಅಥವಾ ಅಂಗಳದ ಕಲ್ಲಿನ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ, ಅಟ್ಟೆಯಂತೆ ಬಿರುಸಾದ ಮೇಲೆ ಬಿಸಾಡಿ. ಪೇಂಟರ್ ಕೈಯಲ್ಲಿ ಮಾಡಿಸಿದರೂ ಸಂಜೆ ಬಟ್ಟೆ ಎಲ್ಲಿ ಹೋಯಿತೆಂದು ನೀವೇ ನೋಡಿ.

## ಆಮೇಲೆ ಗಮನಿಸಬೇಕಾದ್ದು

ಒಂದು ವಾರವಾದರೂ ಅಂಟುತ್ತಿದ್ದರೆ ಎಣ್ಣೆ ಹೆಚ್ಚಾಗಿದೆ. ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಅದರ ಮೇಲೆ ಮತ್ತೆ ಹಚ್ಚಬೇಡಿ. ಬಿಳಿ ಮಬ್ಬು ಕಂಡರೆ ಮರ ಪೂರ್ತಿ ಒಣಗಿರಲಿಲ್ಲ. ಮಳೆಗಾಲದಲ್ಲಿ ಕಪ್ಪು ಚುಕ್ಕೆ ಎದ್ದರೆ ಬೂಷ್ಟು ಮರಳಿದೆ, ಅದರ ಮೇಲಿನ ಮಾಳಿಗೆ ನೋಡಿ. ಹೊಸ ಪುಡಿ, ಹೊಸ ಮಣ್ಣಿನ ಕೊಳವೆ ಕಂಡರೆ ಹಂತ 1ಕ್ಕೆ ಮರಳಿ.

ವರ್ಷಕ್ಕೊಮ್ಮೆ, ಮಳೆ ಮುಗಿದು ದೀಪಾವಳಿ ಕಳೆದ ಮೇಲೆ, ಒಣ ಬಟ್ಟೆಯಲ್ಲಿ ಒರೆಸಿ ಗೋಡೆಯ ತುದಿಗಳಿಗೆ ದಬ್ಬಳ ಹಿಡಿದು ನೋಡಿ. ತೊಲೆಯ ಬದಿಗೆ ಬೆರಳಿನಿಂದ ಒಂದು ಹನಿ ನೀರು ಹಚ್ಚಿ. ಐದು ನಿಮಿಷದಲ್ಲಿ ಮರ ಅದನ್ನು ಕುಡಿದು ಜಾಗ ಕಪ್ಪಾದರೆ ಸಮಸಮ ಬೆರೆಸಿದ ಎಣ್ಣೆಯ ಒಂದು ತೆಳು ಕೋಟ್ ಹಚ್ಚಿ ಒರೆಸಿ. ಹನಿ ಹಾಗೇ ನಿಂತರೆ ಆ ವರ್ಷ ಎಣ್ಣೆ ಬೇಡ.